ತೊಗರಿ ಚೀಲದ ನುಸಿ, ಕೆರೆಯ ನೀರುದುಂಬಿ: ಎರಡಕ್ಕೂ ಚಿಂತೆ ಗಾಳಿಯದೇ

ಪ್ರಶ್ನೆ: ನಾವು ಸೇಡಂ ತಾಲ್ಲೂಕಿನವರು. ರಾಶಿ ಆದ ಮೇಲೆ ಬೀಜಕ್ಕೂ ಮನೆ ಖರ್ಚಿಗೂ ಅಂತ ಸ್ವಲ್ಪ ತೊಗರಿ ಚೀಲದಲ್ಲಿ ಇಟ್ಟುಕೊಳ್ಳುತ್ತೇವೆ. ಬೇಸಿಗೆ ಮುಗಿಯುವಷ್ಟರಲ್ಲಿ ನುಸಿ ಹತ್ತಿರುತ್ತದೆ. ಹೋದ ಮಳೆಗಾಲದಲ್ಲಿ ಅಂಗಳದ ಲೈಟಿಗೆ ಒಂದಿಂಚು ಉದ್ದದ ಕಪ್ಪು ಹುಳವೊಂದು ಬಂದು ಬಿತ್ತು. ಮಗಳು ಅದನ್ನು ಬಕೆಟ್ ನೀರಿಗೆ ಹಾಕಿದಳು. ಅದು ಸರ್ರನೆ ಈಜಿ ತಳಕ್ಕೆ ಹೋಯಿತು. ಶಾಲೆಯಲ್ಲಿ ಅವರ ಸರ್ ‘ನುಸಿಯೂ ದುಂಬಿಯೇ, ಇದೂ ದುಂಬಿಯೇ’ ಅಂದರಂತೆ. ಹನಿ ನೀರಿಲ್ಲದ ಚೀಲದಲ್ಲಿ ಒಂದು ಹೇಗೆ ಬದುಕುತ್ತದೆ? ಇನ್ನೊಂದು ನೀರಲ್ಲೇ ಇದ್ದರೂ ಯಾಕೆ ಸಾಯುವುದಿಲ್ಲ? ಅದರ ಜಾಗದಲ್ಲಿ ಇದನ್ನು, ಇದರ ಜಾಗದಲ್ಲಿ ಅದನ್ನು ಬಿಟ್ಟರೆ ಏನಾಗುತ್ತದೆ? ನಮ್ಮ ಕೃಷಿ ಹೊಂಡದಲ್ಲಿ ಮೀನುಮರಿ ಬಿಡಬೇಕು ಅಂತಿದ್ದೇವೆ. ಈ ಹುಳದಿಂದ ತೊಂದರೆ ಇದೆಯಾ?

ಉತ್ತರ: ನಿಮ್ಮ ಮಗಳ ಸರ್ ಹೇಳಿದ್ದು ಸರಿ. ಎರಡೂ ದುಂಬಿಗಳೇ. ಮುಂದಿನ ಜೋಡಿ ರೆಕ್ಕೆ ಗಟ್ಟಿಯಾಗಿ, ಬೆನ್ನಿನ ನಡುವೆ ನೇರ ಗೆರೆಯಲ್ಲಿ ಕೂಡಿಕೊಂಡಿದ್ದರೆ ಅದು ದುಂಬಿ ಅಂತ ಸುಮಾರಾಗಿ ಹೇಳಬಹುದು. ಇಂಥ ಸುಮಾರು ನಾಲ್ಕು ಲಕ್ಷ ಜಾತಿಗಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆ. ಆದರೆ ನಿಮ್ಮ ಮನೆಗೆ ಬಂದ ಈ ಎರಡು ಹತ್ತಿರದ ನೆಂಟರಲ್ಲ. ಇವುಗಳ ವಂಶಗಳು ಬೇರೆಯಾಗಿ 20 ಕೋಟಿಗೂ ಹೆಚ್ಚು ವರ್ಷಗಳೇ ಕಳೆದಿವೆ.

ಮೊದಲು ಆ ಕಪ್ಪು ಹುಳ ಯಾವುದು ಅನ್ನೋದು ತೀರ್ಮಾನ ಆಗಲಿ. ನಮ್ಮ ಕಡೆ ಮಳೆಗಾಲದ ರಾತ್ರಿ ದೀಪಕ್ಕೆ ಬರುವ ದೊಡ್ಡ ನೀರುಹುಳಗಳು ಮುಖ್ಯವಾಗಿ ಮೂರು. ಮೈ ಚಪ್ಪಟೆ ಮತ್ತು ನುಣುಪು, ಕಪ್ಪಿನೊಳಗೆ ಹಸಿರು ಛಾಯೆ, ಎರಡೂ ಪಕ್ಕದಲ್ಲಿ ಹಳದಿ ಅಂಚು ಇದ್ದರೆ ಅದು ಸಿಬಿಸ್ಟರ್, ಅಂದರೆ ಬೇಟೆಯಾಡುವ ನೀರುದುಂಬಿ. ಹಳದಿ ಅಂಚಿಲ್ಲದೆ ಪೂರ್ತಿ ಕಪ್ಪಾಗಿದ್ದು, ಎದೆಯ ಕೆಳಗೆ ಚೂಪಾದ ಮುಳ್ಳಿದ್ದರೆ ಅದು ಹೈಡ್ರೊಫಿಲಸ್. ಈಜುವಾಗಲೂ ವ್ಯತ್ಯಾಸ ಕಾಣುತ್ತದೆ. ಸಿಬಿಸ್ಟರ್ ಹಿಂಗಾಲುಗಳೆರಡನ್ನೂ ಒಟ್ಟಿಗೆ ಹಿಂದಕ್ಕೆ ತಳ್ಳುತ್ತದೆ. ಹೈಡ್ರೊಫಿಲಸ್ ಒಂದಾದ ಮೇಲೊಂದು ಬಡಿಯುತ್ತದೆ. ಮೂರನೆಯದು ಕಂದು ಬಣ್ಣದ ದೈತ್ಯ ನೀರುತಿಗಣೆ. ಅದು ದುಂಬಿಯೇ ಅಲ್ಲ, ಮಕ್ಕಳ ಕೈಗೆ ಮಾತ್ರ ಕೊಡಬೇಡಿ, ಚುಚ್ಚಿದರೆ ಬಹಳ ನೋವಾಗುತ್ತದೆ. ನೀವು ‘ಸರ್ರನೆ ಈಜಿತು’ ಅಂದಿರುವುದರಿಂದ ನಿಮ್ಮದು ಸಿಬಿಸ್ಟರ್ ಅಂತ ಇಟ್ಟುಕೊಂಡು ಉತ್ತರಿಸುತ್ತೇನೆ. ಭಾರತದಲ್ಲಿ ಜಾಸ್ತಿ ಕಾಣುವುದು ಸಿಬಿಸ್ಟರ್ ಟ್ರಿಪಂಕ್ಟೇಟಸ್. ತೊಗರಿಯ ನುಸಿ ಕ್ಯಾಲೊಸೊಬ್ರುಕಸ್ ಚೈನೆನ್ಸಿಸ್. ಇದಕ್ಕೆ ಸ್ವೀಡನ್ನಿನ ಜೀವವಿಜ್ಞಾನಿ ಲಿನೇಯಸ್ 1758ರಲ್ಲೇ ಹೆಸರಿಟ್ಟಿದ್ದ.

ನೀವು ಎರಡನ್ನೂ ನೀರಿನ ಲೆಕ್ಕದಲ್ಲಿ ಬೇರೆ ಮಾಡಿದ್ದೀರಿ. ಒಂದಕ್ಕೆ ನೀರೇ ಇಲ್ಲ, ಇನ್ನೊಂದಕ್ಕೆ ಎಲ್ಲಾ ನೀರೇ. ಅದು ಕಣ್ಣಿಗೆ ಕಾಣುವ ವ್ಯತ್ಯಾಸ. ಆದರೆ ಎರಡರ ಬದುಕೂ ಸಾವೂ ನಿಂತಿರುವುದು ಗಾಳಿಯ ಮೇಲೆ. ಹೇಗೆ ಅಂತ ನುಸಿಯಿಂದಲೇ ಶುರು ಮಾಡೋಣ. ಅದರ ಕಥೆಯೇ ಹೆಚ್ಚು ವಿಚಿತ್ರ.

ನೀವು ಚೀಲದಲ್ಲಿ ನೋಡುವ ನುಸಿ ಮೂರು ನಾಲ್ಕು ಮಿಲಿಮೀಟರಿನ ಕಂದು ಹುಳ. ಗಂಡಿನ ಮೀಸೆ ಬಾಚಣಿಗೆಯಂತೆ ಹಲ್ಲುಹಲ್ಲಾಗಿರುತ್ತದೆ, ಹೆಣ್ಣಿನದು ಗರಗಸದ ಅಂಚಿನ ಹಾಗೆ. ಈ ದೊಡ್ಡ ಹುಳ ನಿಮ್ಮ ತೊಗರಿ ತಿನ್ನುವುದೇ ಇಲ್ಲ. ಚೀಲದೊಳಗೆ ಅದು ಏನನ್ನೂ ತಿನ್ನದೆ, ಕುಡಿಯದೆ ಒಂದೆರಡು ವಾರ ಬದುಕುತ್ತದೆ. ಕೂಡುವುದು, ಮೊಟ್ಟೆ ಇಡುವುದು, ಸಾಯುವುದು, ಇಷ್ಟೇ ಅದರ ಕೆಲಸ. ತಿನ್ನುವುದೆಲ್ಲಾ ಮರಿಹುಳು. ಹೆಣ್ಣು ಒಂದೊಂದೇ ಮೊಟ್ಟೆಯನ್ನು ಕಾಳಿನ ಸಿಪ್ಪೆಗೆ ಅಂಟಿಸುತ್ತದೆ. ಮರಿ ಮೊಟ್ಟೆಯ ತಳದಿಂದಲೇ ನೇರವಾಗಿ ಕಾಳಿನೊಳಗೆ ಕೊರೆದುಕೊಂಡು ಹೋಗುತ್ತದೆ, ಹೊರಗಿನ ಗಾಳಿ ಬೆಳಕು ನೋಡುವುದೇ ಇಲ್ಲ. ಕೊರೆದ ಪುಡಿಯನ್ನು ಹಿಂದಕ್ಕೆ, ಮೊಟ್ಟೆಯ ಖಾಲಿ ಸಿಪ್ಪೆಯೊಳಗೆ ತುಂಬುತ್ತದೆ. ಕಾಳಿನ ಮೇಲೆ ಸಾಸಿವೆಗಿಂತ ಸಣ್ಣ ಬಿಳಿ ಚುಕ್ಕೆ ಕಾಣುತ್ತದಲ್ಲ, ಅದೇ ಇದು. ಒಳಗೇ ತಿಂದು, ಒಳಗೇ ಕೋಶವಾಗಿ, ಗುಂಡನೆ ಕಿಟಕಿ ಕೊರೆದು ಹೊರಬರುತ್ತದೆ. 30 ಡಿಗ್ರಿ ಆಸುಪಾಸಿನ ಬಿಸಿಯಲ್ಲಿ ಇದೆಲ್ಲಾ ಒಂದು ತಿಂಗಳೊಳಗೆ ಮುಗಿಯುತ್ತದೆ. ನಿಮ್ಮಲ್ಲಿ ರಾಶಿ ಆಗುವ ಡಿಸೆಂಬರ್ ಜನವರಿಯ ಚಳಿಯಲ್ಲಿ ನಿಧಾನ, ಮಾರ್ಚ್ ಬಂತೆಂದರೆ ಓಟ. ಒಂದು ಹೆಣ್ಣು 70 ಮೊಟ್ಟೆ ಇಟ್ಟು ಎಲ್ಲವೂ ಬದುಕಿದವು, ಅರ್ಧ ಹೆಣ್ಣು ಅಂದುಕೊಳ್ಳಿ. ಎರಡನೇ ತಲೆಮಾರಿಗೇ 2,450 ಹುಳ. ‘ಒಂದು ತಿಂಗಳ ಹಿಂದೆ ಚೆನ್ನಾಗಿತ್ತು ಕಾಳು’ ಅಂತ ಜನ ಹೇಳುವುದು ಸುಳ್ಳಲ್ಲ.

ಅಂದಹಾಗೆ, ಮೊದಲ ಮೊಟ್ಟೆ ಬಹಳ ಸಲ ಹೊಲದಲ್ಲೇ, ಗಿಡದ ಕಾಯಿಯ ಮೇಲೇ ಬಿದ್ದಿರುತ್ತದೆ. ಚೀಲ ಹೊಸದು, ಕೋಣೆ ಸ್ವಚ್ಛ, ಆದರೂ ನುಸಿ ಎಲ್ಲಿಂದ ಬಂತು ಅನ್ನುವ ಪ್ರಶ್ನೆಗೆ ಉತ್ತರ ಇದು. ಒಣಗಿದ ಕಾಯಿಯೊಳಗಿನ ಒಣ ಕಾಳು ಈ ಹುಳದ ಹಳೇ ಮನೆ. ನಾವು ಲಕ್ಷಗಟ್ಟಲೆ ಅಂಥ ಕಾಳುಗಳನ್ನು ಒಂದೇ ಕಡೆ, ಮಳೆ ಬಿಸಿಲು ತಾಗದಂತೆ ಕೂಡಿಟ್ಟು ಕೊಟ್ಟಿದ್ದೇವೆ. ತೊಗರಿಯ ಕಣಜ ಅನ್ನಿಸಿಕೊಂಡ, 2019ರಲ್ಲಿ ತನ್ನ ತೊಗರಿ ಬೇಳೆಗೆ ಜಿಐ (ಭೌಗೋಳಿಕ ಸೂಚ್ಯಂಕ) ಗುರುತನ್ನೂ ಪಡೆದ ಕಲಬುರಗಿ ಜಿಲ್ಲೆಗಿಂತ ಒಳ್ಳೆಯ ಜಾಗ ಅದಕ್ಕೆ ಬೇಕೇ?

ಈಗ ನೀರಿನ ವಿಷಯ. ಚೆನ್ನಾಗಿ ಒಣಗಿದ ತೊಗರಿಯಲ್ಲಿ ನೂರಕ್ಕೆ ಹತ್ತರಷ್ಟು ಮಾತ್ರ ತೇವ ಇರುತ್ತದೆ. ಮರಿಹುಳುವಿನ ಮೈಯಲ್ಲಿ ಇರಬೇಕಾದ ನೀರು ಅದಕ್ಕಿಂತ ಎಷ್ಟೋ ಜಾಸ್ತಿ. ಉಳಿದದ್ದನ್ನು ಅದು ತಾನೇ ತಯಾರಿಸಿಕೊಳ್ಳುತ್ತದೆ. ಪಿಷ್ಟವಾಗಲಿ ಕೊಬ್ಬಾಗಲಿ, ಮೈಯೊಳಗೆ ಆಮ್ಲಜನಕದ ಜೊತೆ ಸೇರಿ ಉರಿದಾಗ ಶಕ್ತಿ ಬರುತ್ತದೆ, ಜೊತೆಗೆ ನೀರೂ ಹುಟ್ಟುತ್ತದೆ. 100 ಗ್ರಾಂ ಪಿಷ್ಟದಿಂದ ಸುಮಾರು 55 ಗ್ರಾಂ ನೀರು. 100 ಗ್ರಾಂ ಕೊಬ್ಬಿನಿಂದ 107 ಗ್ರಾಂ, ಉರಿದ ಕೊಬ್ಬಿಗಿಂತ ಜಾಸ್ತಿ. ಇದು ನಮ್ಮ ನಿಮ್ಮ ಮೈಯಲ್ಲೂ ನಡೆಯುತ್ತದೆ. ಆದರೆ ನಾವು ಅಷ್ಟನ್ನೂ ಬೆವರು, ಮೂತ್ರ ಅಂತ ಚೆಲ್ಲಿಬಿಡುತ್ತೇವೆ. ಮರಿಹುಳು ಚೆಲ್ಲುವುದಿಲ್ಲ. ಅದರ ಹಿಕ್ಕೆ ಒಣ ಪುಡಿ. ಬೇಡದ ಸಾರಜನಕವನ್ನು ಯೂರಿಕ್ ಆಮ್ಲವಾಗಿ, ನೀರೇ ಬೇಡದ ರೂಪದಲ್ಲಿ ಹೊರಹಾಕುತ್ತದೆ. ಕಾಳಿನ ಸಿಪ್ಪೆ ಸುತ್ತ ಮುಚ್ಚಿರುವುದರಿಂದ ಒಳಗಿನ ತೇವ ಹೊರಗೆ ಹೋಗುವುದೂ ಕಡಿಮೆ. ಮರಿಹುಳು ಮೈಯಲ್ಲಿ ಕೂಡಿಟ್ಟ ಕೊಬ್ಬೇ ಮುಂದೆ ರೆಕ್ಕೆ ಬಂದ ಹುಳಕ್ಕೆ ಊಟ, ಅದೇ ನೀರು.

ಹಾಗಾದರೆ ನುಸಿಗೆ ನೀರು ಬೇಡ ಅನ್ನುವುದು ಅರ್ಧ ನಿಜ ಮಾತ್ರ. ಅದಕ್ಕೆ ನೀರು ಬೇಕೇ ಬೇಕು. ಆ ನೀರು ಬರಬೇಕಾದರೆ ಗಾಳಿ ಬೇಕು. ಇದಕ್ಕೆ ಒಳ್ಳೆಯ ಪುರಾವೆ ಇದೆ. ಅಮೆರಿಕದ ಪರ್ಡ್ಯೂ ವಿಶ್ವವಿದ್ಯಾಲಯದವರು 1980ರ ದಶಕದ ಕೊನೆಯಲ್ಲಿ ಆಫ್ರಿಕಾದ ಕ್ಯಾಮರೂನಿನ ಅಲಸಂದೆ ರೈತರಿಗಾಗಿ ಗಾಳಿಯಾಡದ ಮೂರು ಪದರದ ಚೀಲದ ಪದ್ಧತಿ ರೂಪಿಸಿದರು. ಒಳಗೆ ಎರಡು ದಪ್ಪ ಪ್ಲಾಸ್ಟಿಕ್ ಚೀಲ, ಹೊರಗೆ ಮಾಮೂಲಿ ನೇಯ್ದ ಚೀಲ. ಒಳಗಿದ್ದ ಹುಳಗಳು ಉಸಿರಾಡಿ ಉಸಿರಾಡಿ ಚೀಲದ ಆಮ್ಲಜನಕವನ್ನು ತಾವೇ ಖಾಲಿ ಮಾಡುತ್ತವೆ, ತಿನ್ನುವುದು ನಿಲ್ಲಿಸುತ್ತವೆ, ಕೊನೆಗೆ ಸಾಯುತ್ತವೆ. ಎಲ್ಲರೂ ಅಂದುಕೊಂಡಿದ್ದು ಉಸಿರುಕಟ್ಟಿ ಸಾಯುತ್ತವೆ ಅಂತ. 2012ರಲ್ಲಿ ಅದೇ ಪರ್ಡ್ಯೂವಿನ ಲ್ಯಾರಿ ಮರ್ಡಾಕ್ ಮತ್ತು ಜೊತೆಗಾರರು ತೋರಿಸಿದ್ದು ಬೇರೆ. ಆಮ್ಲಜನಕ ಸಿಗದಿದ್ದಾಗ ಹುಳದ ಮೈಯಲ್ಲಿ ನೀರು ತಯಾರಾಗುವುದು ನಿಲ್ಲುತ್ತದೆ, ಹುಳ ಒಣಗಿ ಸಾಯುತ್ತದೆ. ಗಾಳಿ ಕಿತ್ತುಕೊಂಡರೆ ಬಾಯಾರಿಕೆಯಿಂದ ಸಾವು! ಕೀಟಗಳ ಬಗ್ಗೆ ನಾನು ಓದಿದ್ದರಲ್ಲಿ ಇಷ್ಟು ಇಷ್ಟವಾದ ಫಲಿತಾಂಶ ಕಡಿಮೆ.

ನಮ್ಮ ಭಾಗದ ಹಿರಿಯರಿಗೆ ಈ ವಿದ್ಯೆ ಹೊಸದಲ್ಲ. ಜೋಳ ತುಂಬುತ್ತಿದ್ದ ಹಗೇವು ಮಾಡುತ್ತಿದ್ದ ಕೆಲಸ ಇದೇ. ನೆಲದೊಳಗಿನ ಗುಂಡಿ, ಸುತ್ತ ಹುಲ್ಲು, ಬಾಯಿಗೆ ಕಲ್ಲು ಮಣ್ಣು ಮೆತ್ತಿ ಬಂದೋಬಸ್ತು. ಒಳಗಿನ ಆಮ್ಲಜನಕ ಇಳಿಯುತ್ತಿತ್ತು, ಹುಳಕ್ಕೆ ಉಳಿಗಾಲ ಇರುತ್ತಿರಲಿಲ್ಲ. ಹಗೇವಿನ ಬಾಯಿ ತೆಗೆದ ಕೂಡಲೇ ಒಳಗೆ ಇಳಿಯಬಾರದು ಅಂತ ಮನೆಯಲ್ಲಿ ಹೇಳುತ್ತಿದ್ದುದು ಇದಕ್ಕೇ. ಆ ಗಾಳಿ ಮನುಷ್ಯನನ್ನೂ ಬಿಡುವುದಿಲ್ಲ.

ನುಸಿಗೆ ಇನ್ನೊಂದು ಕಡೆಯಿಂದಲೂ ಪೆಟ್ಟು ಕೊಡಬಹುದು. ಕೀಟದ ಚರ್ಮದ ಮೇಲೆ ಬಹಳ ತೆಳುವಾದ ಮೇಣದ ಪದರ ಇರುತ್ತದೆ. ಒಣ ಜಾಗದ ಹುಳಕ್ಕೆ ಮೈಯ ನೀರು ಆರಿ ಹೋಗದಂತೆ ಕಾಯುವುದು ಅದೇ. ಬೀಜದ ತೊಗರಿಗೆ ಕೆಮ್ಮಣ್ಣು ಸವರುವುದು, ಬೂದಿ ಬೆರೆಸುವುದು ಸುಮ್ನೆ ಮಾಡಿದ ರೂಢಿಯಲ್ಲ. ಆ ನುಣ್ಣನೆ ಪುಡಿ ಮೇಣವನ್ನು ಉಜ್ಜಿ ತೆಗೆಯುತ್ತದೆ, ಹೀರುತ್ತದೆ. ಕಾಳುಗಳ ಸಂದಿಯಲ್ಲಿ ತುಂಬಿ ಹುಳಕ್ಕೆ ಓಡಾಡಲೂ ಬಿಡುವುದಿಲ್ಲ.

ಇನ್ನು ಕೆರೆಗೆ ಹೋಗೋಣ. ಕಲಬುರಗಿಯ ಅಪ್ಪನ ಕೆರೆಯಾಗಲಿ, ಸುರಪುರದ ಕಡೆಯ ಬೋನಾಳ ಕೆರೆಯಾಗಲಿ, ನಿಮ್ಮೂರ ಹಳ್ಳದ ಮಡುವಾಗಲಿ, ಗಿಡಗಂಟಿ ಬೆಳೆದ ನಿಂತ ನೀರು ಸಿಬಿಸ್ಟರ್ ಜಾತಿಗೆ ಒಗ್ಗುತ್ತದೆ. ಅದೇ ಮೇಣದ ಪದರ ಇದಕ್ಕೂ ಇದೆ, ಆದರೆ ಕೆಲಸ ತಿರುಗುಮುರುಗು. ಇಲ್ಲಿ ಹೊರಗಿನ ನೀರು ಒಳಗೆ ನುಗ್ಗದಂತೆ ಅದು ತಡೆಯುತ್ತದೆ. ಹುಳದ ರಕ್ತದಲ್ಲಿ ಉಪ್ಪು ಜಾಸ್ತಿ, ಕೆರೆ ನೀರಿನಲ್ಲಿ ಕಡಿಮೆ. ಹಾಗಾಗಿ ನೀರು ಸದಾ ಮೈಯೊಳಗೆ ಬರಲು ನೋಡುತ್ತದೆ. ಮೃದುವಾದ ಸಂದಿಗಳಿಂದಲೋ ಊಟದ ಜೊತೆಗೋ ಬಂದ ಹೆಚ್ಚಿನ ನೀರನ್ನು ಹುಳ ಹೊರಹಾಕುತ್ತದೆ, ಉಪ್ಪನ್ನು ಮಾತ್ರ ಹಿಡಿದುಕೊಳ್ಳುತ್ತದೆ.

ಉಸಿರಿನ ಮಾತು ಬೇರೆ. ನೀರುದುಂಬಿಗೆ ಮೀನಿನ ಕಿವಿರಿಲ್ಲ. ಅದು ಉಸಿರಾಡುವುದು ಗಾಳಿಯನ್ನೇ. ಬೆನ್ನಿನ ಗಟ್ಟಿ ರೆಕ್ಕೆಗೂ ಹೊಟ್ಟೆಗೂ ನಡುವೆ ಒಂದು ಜಾಗ ಇದೆ, ಅಲ್ಲಿ ಗಾಳಿ ತುಂಬಿಕೊಂಡು ಮುಳುಗುತ್ತದೆ. ಉಸಿರಿನ ರಂಧ್ರಗಳು ಆ ಜಾಗಕ್ಕೇ ತೆರೆದುಕೊಂಡಿವೆ. ಗಾಳಿ ಕೆಡುತ್ತಾ ಬಂದಾಗ ಮೇಲಕ್ಕೆ ಬಂದು, ತಲೆ ಕೆಳಗೆ ಮಾಡಿ, ಹಿಂಭಾಗವನ್ನು ನೀರಿನ ಮೇಲ್ಮೈಗೆ ತಾಗಿಸಿ ನೇತಾಡುತ್ತದೆ. ರೆಕ್ಕೆಯ ತುದಿ ಸ್ವಲ್ಪ ಎತ್ತಿ ಹಳೇ ಗಾಳಿ ಬಿಟ್ಟು ಹೊಸದು ತುಂಬುತ್ತದೆ. ಬಕೆಟ್ಟಿನಲ್ಲಿ ನಿಮ್ಮ ಮಗಳು ಇದನ್ನು ನೋಡಿರಲೂಬಹುದು. ಹೈಡ್ರೊಫಿಲಸ್ ಆಗಿದ್ದರೆ ತಲೆಯನ್ನೇ ಮೇಲಕ್ಕೆ ತರುತ್ತಿತ್ತು.

ಕೆಲವೊಮ್ಮೆ ಹುಳದ ಹಿಂಭಾಗದಲ್ಲಿ ಬೆಳ್ಳಗೆ ಹೊಳೆಯುವ ಗುಳ್ಳೆ ಅಂಟಿಕೊಂಡಿರುತ್ತದೆ. ಅದರ ಕೆಲಸ ಸೊಗಸಾಗಿದೆ. ಗುಳ್ಳೆಯೊಳಗಿನ ಆಮ್ಲಜನಕವನ್ನು ಹುಳ ಬಳಸಿದಂತೆ, ನೀರಿನಲ್ಲಿ ಕರಗಿರುವ ಆಮ್ಲಜನಕ ಗುಳ್ಳೆಯೊಳಗೆ ಬರುತ್ತದೆ. ಅಂದರೆ ತುಂಬಿಕೊಂಡಿದ್ದಕ್ಕಿಂತ ಹೆಚ್ಚು ಉಸಿರು ಸಿಗುತ್ತದೆ. ಆದರೆ ಗುಳ್ಳೆಯ ಸಾರಜನಕ ನಿಧಾನವಾಗಿ ನೀರಿಗೆ ಕರಗುತ್ತದೆ, ಗುಳ್ಳೆ ಸೊರಗುತ್ತದೆ, ಮತ್ತೆ ಮೇಲೆ ಬರಲೇಬೇಕು. ತಣ್ಣನೆ ನೀರಿನಲ್ಲಿ ಈ ಉಪಾಯ ಚೆನ್ನಾಗಿ ನಡೆಯುತ್ತದೆ. ನಮ್ಮ ಮೇ ತಿಂಗಳ ಕೆರೆಯಲ್ಲಿ ಅಷ್ಟು ನಡೆಯುವುದಿಲ್ಲ. ಬಿಸಿ ನೀರಿನಲ್ಲಿ ಕರಗಿದ ಆಮ್ಲಜನಕವೇ ಕಡಿಮೆ, ಮೇಲಾಗಿ ಬಿಸಿಗೆ ಹುಳಕ್ಕೆ ಉಸಿರು ಜಾಸ್ತಿ ಬೇಕು. ಸಿಬಿಸ್ಟರ್ ಅಷ್ಟು ದೊಡ್ಡ ಮೈಗೆ ಮುಖ್ಯ ಆಸರೆ ರೆಕ್ಕೆಯಡಿಯ ಗಾಳಿಯೇ. ಅದರಿಂದ ಇನ್ನೊಂದು ಪೇಚೂ ಇದೆ. ಗಾಳಿ ತುಂಬಿದ ಮೈ ತೇಲುತ್ತದೆ. ತಳದಲ್ಲಿ ನಿಲ್ಲಬೇಕಾದರೆ ಜೊಂಡನ್ನೋ ಕಲ್ಲನ್ನೋ ಹಿಡಿದುಕೊಳ್ಳಬೇಕು, ಬಿಟ್ಟರೆ ತಾನಾಗಿ ಮೇಲೇಳುತ್ತದೆ.

ಹಿಂಗಾಲು ಚಪ್ಪಟೆಯಾಗಿ, ಅಂಚಿಗೆ ಕೂದಲಿನ ಸಾಲಿದೆ. ತಳ್ಳುವಾಗ ಕೂದಲು ಬಿಚ್ಚಿಕೊಂಡು ನೀರನ್ನು ಹಿಡಿಯುತ್ತದೆ, ಕಾಲು ವಾಪಸ್ ತರುವಾಗ ಮಡಚಿಕೊಳ್ಳುತ್ತದೆ. ಗಂಡಿನ ಮುಂಗಾಲಿನಲ್ಲಿ ಅಗಲವಾದ ಗದ್ದಿಗೆ, ಅದರಲ್ಲಿ ಸಣ್ಣ ಸಣ್ಣ ಹೀರುಬಟ್ಟಲು. ಜಾರುವ ಹೆಣ್ಣನ್ನು ನೀರಿನಲ್ಲಿ ಹಿಡಿದುಕೊಳ್ಳಲು ಅದು ಬೇಕು. ಮರಿಹುಳು ಮಾತ್ರ ಅಪ್ಪ ಅಮ್ಮನಿಗಿಂತ ಉಗ್ರ. ಕುಡುಗೋಲಿನ ಆಕಾರದ ಎರಡು ದವಡೆ, ಅವುಗಳ ಒಳಗೆ ಕಾಲುವೆ. ಸೊಳ್ಳೆಮರಿ, ಗೊದಮೊಟ್ಟೆ, ಸಣ್ಣ ಮೀನುಮರಿ, ಯಾವುದು ಸಿಕ್ಕರೂ ಚುಚ್ಚಿ ಜೀರ್ಣರಸ ಬಿಟ್ಟು, ಕರಗಿದ್ದನ್ನು ಹೀರುತ್ತದೆ. ಇದೂ ಬಾಲದ ತುದಿಯನ್ನು ಮೇಲ್ಮೈಗೆ ಹಿಡಿದೇ ಉಸಿರಾಡುತ್ತದೆ. ಬೆಳೆದ ಮೇಲೆ ದಡ ಹತ್ತಿ, ಹಸಿ ಮಣ್ಣಿನಲ್ಲಿ ಗೂಡು ಮಾಡಿ ಕೋಶವಾಗುತ್ತದೆ. ನೀರಲ್ಲೇ ಬದುಕುವ ಹುಳಕ್ಕೂ ಒಂದು ಹಂತದಲ್ಲಿ ನೆಲ ಬೇಕು ನೋಡಿ.

ದೊಡ್ಡ ಹುಳ ಒಂದು ವರ್ಷಕ್ಕೂ ಮೀರಿ ಬದುಕಬಲ್ಲದು, ನುಸಿಯ ಹಾಗೆ ಒಂದೆರಡು ವಾರವಲ್ಲ. ಅಷ್ಟು ದಿನ ಬದುಕಬೇಕಾದರೆ ಮನೆ ಬದಲಿಸಲು ಗೊತ್ತಿರಬೇಕು. ನಮ್ಮ ಸಣ್ಣ ಕೆರೆಗಳು ಏಪ್ರಿಲ್ ಬರುವಷ್ಟರಲ್ಲಿ ಬಿರುಕುಬಿಟ್ಟ ಕರಿಮಣ್ಣಾಗಿರುತ್ತವೆ. ಆಗ ರಾತ್ರಿ ಹಾರಿ ಬೇರೆ ನೀರು ಹುಡುಕುತ್ತದೆ. ಮಳೆ ಬಿದ್ದು ಹೊಸ ನೀರು ನಿಂತರೆ ಮತ್ತೆ ಹರಡಿಕೊಳ್ಳುತ್ತದೆ. ನೀರಿನ ಮೇಲಿಂದ ಪ್ರತಿಫಲಿಸಿದ ಬೆಳಕಿಗೆ ಒಂದು ವಿಶೇಷ ಗುಣ ಇದೆ. ನಮ್ಮ ಕಣ್ಣಿಗೆ ಅದು ತಿಳಿಯುವುದಿಲ್ಲ, ನೀರುಕೀಟಗಳಿಗೆ ತಿಳಿಯುತ್ತದೆ. ಕಾರಿನ ಬಾನೆಟ್ಟು, ಹೊಲದಲ್ಲಿ ಹಾಸಿದ ಪ್ಲಾಸ್ಟಿಕ್ ಹಾಳೆ ಕೂಡ ಅಂಥದ್ದೇ ಬೆಳಕು ಬೀರುವುದರಿಂದ ಅವುಗಳ ಮೇಲೂ ಇಳಿದು ಮೋಸ ಹೋಗುತ್ತವೆ. ದೀಪ ಅದರ ದಾರಿ ತಪ್ಪಿಸುವುದೂ ಇಂಥ ರಾತ್ರಿ ಪ್ರಯಾಣದಲ್ಲೇ.

ಅದಲುಬದಲು ಮಾಡಿದರೆ ಏನಾಗುತ್ತದೆ ಅಂತ ಕೇಳಿದ್ದೀರಿ. ನುಸಿಯನ್ನು ಕೆರೆಗೆ ಹಾಕಿದರೆ ಮುಳುಗುವುದಿಲ್ಲ. ಅದು ಎಷ್ಟು ಹಗುರ ಅಂದರೆ ನೀರಿನ ಮೇಲ್ಮೈಯೇ ಹೊತ್ತುಕೊಳ್ಳುತ್ತದೆ. ಕಾಲು ಬಡಿಯುತ್ತಾ ತೇಲುತ್ತದೆ, ಯಾವುದಾದರೂ ಮೀನಿನ ಪಾಲಾಗುತ್ತದೆ. ನೀರುದುಂಬಿಯನ್ನು ತೊಗರಿ ಚೀಲದಲ್ಲಿ ಬಿಟ್ಟರೆ ಅದಕ್ಕೆ ಉಸಿರಿಗೆ ತೊಂದರೆ ಇಲ್ಲ, ಆದರೆ ಅದರ ಹಿಂಗಾಲು ನಡೆಯಲು ಮಾಡಿದ್ದಲ್ಲ, ಮೈಗೆ ನೀರು ಉಳಿಸುವ ಅಭ್ಯಾಸವೂ ಇಲ್ಲ. ತಿನ್ನಲು ಬೇಟೆ ಇಲ್ಲದೆ, ಒಣಗುತ್ತಾ ಹೋಗಿ ಸಾಯುತ್ತದೆ. ಕಾಳನ್ನಂತೂ ಮುಟ್ಟುವುದಿಲ್ಲ.

ಇನ್ನು ನಿಮ್ಮ ಮನೆಯ ಕೆಲಸಕ್ಕೆ ಬರೋಣ. ಮನೆ ಖರ್ಚಿನ ತೊಗರಿಯನ್ನು ಇಡಿಯಾಗಿ ಇಡದೆ ಬೇಳೆ ಮಾಡಿಸಿಬಿಡಿ. ಈ ನುಸಿಗೆ ಮೊಟ್ಟೆ ಇಟ್ಟು ಬೆಳೆಯಲು ಇಡೀ ಕಾಳು ಬೇಕು, ಒಡೆದ ಬೇಳೆಯಲ್ಲಿ ಅದರ ಆಟ ನಡೆಯುವುದು ಕಷ್ಟ. ಬೀಜದ ತೊಗರಿಯನ್ನು ಹಲ್ಲಿನಲ್ಲಿ ಕಚ್ಚಿದರೆ ಕಟಕ್ ಅನ್ನುವಷ್ಟು ಒಣಗಿಸಿ, ಗಾಳಿಯಾಡದ ಡ್ರಮ್ಮಿನಲ್ಲಿ ಬಾಯಿತನಕ ತುಂಬಿ ಮುಚ್ಚಿ. ಅರ್ಧ ತುಂಬಿದರೆ ಉಳಿದ ಅರ್ಧದ ಗಾಳಿ ಹುಳಕ್ಕೆ ತಿಂಗಳುಗಟ್ಟಲೆ ಸಾಕು. ಪದೇ ಪದೇ ಮುಚ್ಚಳ ತೆಗೆದು ನೋಡಬೇಡಿ, ಪ್ರತಿ ಸಲವೂ ಹೊಸ ಗಾಳಿ ಕೊಟ್ಟಂತೆ. ಬೇವಿನ ಎಣ್ಣೆ ಸವರುವುದಾದರೆ ಕಿಲೋಗೆ 5ರಿಂದ 10 ಮಿಲಿ ಸಾಕು, ಮೊಟ್ಟೆಗಳ ಉಸಿರು ಕಟ್ಟುತ್ತದೆ. ಅಲ್ಯುಮಿನಿಯಂ ಫಾಸ್ಫೈಡ್ ಗುಳಿಗೆಯನ್ನು ಮಾತ್ರ ಮನೆಯೊಳಗೆ, ಮಲಗುವ ಕೋಣೆಯ ಹತ್ತಿರ ಬಳಸಲೇಬೇಡಿ. ಅದರ ಅನಿಲ ಜನರನ್ನು ಕೊಂದಿದೆ.

ಕೃಷಿ ಹೊಂಡದ ಬಗ್ಗೆ ಅಷ್ಟು ಹೆದರಬೇಕಿಲ್ಲ. ಪ್ಲಾಸ್ಟಿಕ್ ಹಾಸಿದ ಹೊಂಡಕ್ಕೆ ನೀರುದುಂಬಿ ಹಾರಿ ಬರುತ್ತದೆ, ಆದರೆ ಜಾರುವ ಹಾಳೆ ಹತ್ತಿ ಹಸಿ ಮಣ್ಣು ಸೇರುವುದು ಅದರ ಮರಿಗೆ ಸುಲಭವಲ್ಲ. ಅಲ್ಲಿ ಸಂತಾನ ಬೆಳೆಸುವುದು ಕಡಿಮೆ. ಆಪತ್ತು ಇರುವುದು ಒಂದೆರಡು ಸೆಂಟಿಮೀಟರಿನ ಎಳೆ ಮರಿಗೆ. ಎಳೆ ಮರಿ ಸಾಕುವ ನರ್ಸರಿ ಕೊಳಗಳಲ್ಲಿ ಮರಿ ಬಿಡುವ ಹಿಂದಿನ ದಿನ ಅಗ್ಗದ ಎಣ್ಣೆ ಮತ್ತು ಸೋಪು ಕದಡಿ ನೀರಿನ ಮೇಲೆ ಚೆಲ್ಲುತ್ತಾರೆ, ಹೆಕ್ಟೇರಿಗೆ 56 ಕಿಲೋ ಎಣ್ಣೆಗೆ 18 ಕಿಲೋ ಸೋಪು. ಎಣ್ಣೆಯ ಪೊರೆಯಿಂದ ದುಂಬಿಯ ಬಾಲದ ತುದಿಗೆ ಗಾಳಿ ಸಿಗುವುದಿಲ್ಲ. ನಿಮ್ಮ ಸಣ್ಣ ಹೊಂಡಕ್ಕೆ ಆ ಗೋಜು ಬೇಡ. ಬೆರಳುದ್ದಕ್ಕೆ, ಅಂದರೆ ಹತ್ತು ಸೆಂಟಿಮೀಟರಿನಷ್ಟು ಬೆಳೆದ ಮರಿ ತಂದು ಬಿಡಿ. ಹೊಂಡದ ಪಕ್ಕದಲ್ಲಿ ರಾತ್ರಿ ಲೈಟ್ ಉರಿಸಬೇಡಿ. ಒಂದೆರಡು ದುಂಬಿ ಕಂಡರೆ ಜಾಲರಿಯಿಂದ ಎತ್ತಿ ಹಳ್ಳಕ್ಕೆ ಬಿಡಿ. ಕೈಗೆ ಹಾಲಿನಂಥ ದ್ರವ ಬಿಟ್ಟರೆ ಗಾಬರಿ ಬೇಡ, ಮೀನಿಗೆ ಅಮಲೇರಿಸುವ ರಸ ಅದು. ಸೋಪಿನಿಂದ ಕೈ ತೊಳೆದುಕೊಂಡರೆ ಆಯಿತು.